ಇಂದ್ರಾಬಾಯಿ ಕಡೆಯವರು

ಯಳವಿ
12 ಆಗಸ್ಟ್ 2024

ಸಿದ್ದು,

ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಇಲ್ಲಿಂದ ಮಾತಾಡುವುದು ಅಷ್ಟರಲ್ಲೇ ಇದೆ. ಕಿವಿ ಕೇಳದ ಹಿರಿಯರೆಲ್ಲ "ಜೋರ ಇಡವಾ, ನಮಗೂ ಕೇಳಲಿ" ಎನ್ನುತ್ತಾ ಸುತ್ತ ಕೂತುಬಿಡುತ್ತಾರೆ. ನಿನಗೆ ಹೇಳುವ ಮಾತಿಗೆ ಅಷ್ಟು ಜನರ ಸಾಕ್ಷಿ ಬೇಡವೆಂದು ಕಾಗದ ಹಿಡಿದಿದ್ದೇನೆ. ಹತ್ತನೇ ಇಯತ್ತೆ ಮುಗಿದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ನೀನು ಮಾಸ್ತರ, ತಪ್ಪಿಗೆಲ್ಲ ಕೆಂಪು ಶಾಯಿ ಹಚ್ಚಿ ತಿರುಗಿ ಕಳಿಸಬೇಡ.

ವಿಷಯ ನಿನ್ನ ಅವ್ವನದು. ಗಾಬರಿಯಾಗಬೇಡ, ಗಟ್ಟಿಯಾಗಿದ್ದಾರೆ. ಎರಡು ರೊಟ್ಟಿ ಕರಗಿಸುತ್ತಾರೆ. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಬೈಗುಳದಲ್ಲೇ ನನ್ನ ತವರಿನ ತನಕ ಹೋಗಿ ಬರುತ್ತಾರೆ. ಆದರೆ ಕೆಲವು ದಿನಗಳಿಂದ ತಾನು ಯಾರೆಂಬುದೇ ಅವರಿಗೆ ಅದಲುಬದಲಾಗುತ್ತಿದೆ. ಅರವತ್ತು ವರ್ಷ ಮಂದಿಯ ಮುದುಕರನ್ನು ಇಟ್ಟುಕೊಂಡು ಈ ಮನೆ ನಡೆಸಿದ ಇಂದ್ರಾಬಾಯಿ ತಾನೇ ಎಂಬುದು ಒಂದು ಹೊತ್ತು ನೆನಪಿದ್ದರೆ, ಇನ್ನೊಂದು ಹೊತ್ತು ತನ್ನನ್ನು ಯಾರೋ ಇಲ್ಲಿ ಬಿಟ್ಟುಹೋಗಿದ್ದಾರೆ ಎಂದುಕೊಳ್ಳುತ್ತಾರೆ. ಕೋಣೆಯ ಮಂಚ ಬಿಟ್ಟು ಬಂದು ಪಡಸಾಲೆಯಲ್ಲಿ ಹಿರಿಯರ ಸಾಲಿನಲ್ಲಿ, ಬಾಳಾಬಾಯಿ ಎಂಬ ಮುದುಕಿಯ ಪಕ್ಕ ಕಂಬಳಿ ಹಾಸಿಕೊಂಡಿದ್ದಾರೆ. ಎಷ್ಟು ಕರೆದರೂ ಒಳಗೆ ಬರುವುದಿಲ್ಲ.

ಮಿರಜದಲ್ಲಿ ನರ್ಸಿಂಗ್ ಮುಗಿಸಿ ಬಂದ ನನ್ನ ಮಗಳು ಸೃಷ್ಟಿ ಮನೆಯ ಮುಂದೆ ಬೋರ್ಡು ಹಾಕಿಸಿದ್ದಾಳೆ. ನಿನ್ನ ಅವ್ವನ ಕಟ್ಟಳೆಯನ್ನು ಅದರ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿದ್ದಾಳೆ: 'ಇಲ್ಲಿ ಹಿರಿಯರನ್ನು ಬಿಟ್ಟವರು ಪ್ರತಿ ಅಮಾವಾಸ್ಯೆಗೆ ಬಂದು ಅವರ ಪಕ್ಕದಲ್ಲಿ ಕುಳಿತು ಊಟ ಮಾಡತಕ್ಕದ್ದು. ಮೂರು ಅಮಾವಾಸ್ಯೆ ತಪ್ಪಿಸಿದರೆ ಹಿರಿಯರನ್ನು ತಮ್ಮ ಬಾಗಿಲಿಗೆ ತಂದು ಬಿಡಲಾಗುವುದು.' ಬಾಯಿಮಾತಿನಲ್ಲಿದ್ದಾಗ ಇದು ಇಷ್ಟು ಗಡಸಾಗಿ ಕೇಳುತ್ತಿರಲಿಲ್ಲ.

ಈ ಸಲ ನಾಗರ ಅಮಾಸೆಗೆ ಎಲ್ಲರ ಕಡೆಯವರೂ ಬಂದು ಕೂತಿದ್ದರು. ಅತ್ತೆಯ ತಟ್ಟೆಗೂ ಬಡಿಸಿದೆ. ಕೈ ಹಚ್ಚಲಿಲ್ಲ. "ನನ್ನ ಕಡೆಯವರು ಯಾರೂ ಬಂದಿಲ್ಲಲ್ಲ?" ಎಂದರು. ನಾನು ನಗುತ್ತಾ, "ಅತ್ತಿ, ನಾ ಅದೀನಲ್ರಿ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ನೀ ಇಟ್ಟಕೊಂಡಾಕಿ. ನನ್ನ ಇಲ್ಲಿ ಬಿಟ್ಟ ಹ್ವಾದವರು ಎಲ್ಲ್ಯದಾರ?" ಎಂದರು.

ಬೆನಕನ ಅಮಾಸೆ ಸೆಪ್ಟೆಂಬರ್ ಎರಡಕ್ಕೆ ಇದೆ. ಬಾ ಎಂದು ಕರೆಯುತ್ತಿಲ್ಲ, ದಿನ ತಿಳಿಸಿದೆ ಅಷ್ಟೆ.

ನಿನ್ನ ವೈನಿ,
ನಂದಾ

*

ಸೊಲ್ಲಾಪುರ
29 ಆಗಸ್ಟ್ 2024

ವೈನಿಯವರಿಗೆ ನಮಸ್ಕಾರ.

ಕಾಗದ ಮುಟ್ಟಿತು. ತಪ್ಪುಗಳಿಲ್ಲ.

ಅವ್ವನನ್ನು ಇಲ್ಲಿಗೆ ಕರೆತಂದರೆ ಒಳ್ಳೆಯ ಡಾಕ್ಟರಿಗೆ ನಾನೇ ತೋರಿಸುತ್ತೇನೆ. ಬೇಕಾದಷ್ಟು ದಿನ ನನ್ನ ಮನೆಯಲ್ಲಿ ಇರಲಿ. ಅಮಾಸೆಯ ಊಟಕ್ಕೆ ಮಾತ್ರ ನಾನು ಬರುವುದಿಲ್ಲ. ಯಾಕೆಂದು ನಿಮಗೆ ಗೊತ್ತು, ಆದರೂ ಒಮ್ಮೆ ಬರೆದುಬಿಡುತ್ತೇನೆ.

ಅಪ್ಪನಿಗೆ ಲಕ್ವಾ ಹೊಡೆದಾಗ ನಾನು ಅವನನ್ನು ಸೊಲ್ಲಾಪುರಕ್ಕೆ ಒಯ್ಯುತ್ತೇನೆ ಎಂದೆ. ಅವ್ವ ಒಪ್ಪಲಿಲ್ಲ. ಒಪ್ಪದಿದ್ದರೆ ಹೋಗಲಿ, ಅವನನ್ನು ಕೋಣೆಯಿಂದ ಹೊರತಂದು ಪಡಸಾಲೆಯಲ್ಲಿ ಆ ಮುದುಕರ ಸಾಲಿನಲ್ಲಿ ಮಲಗಿಸಿದಳು. ಎಲ್ಲರೂ ಕೇಳುವಂತೆ ನನಗೆ ಹೇಳಿದಳು: "ಅಮಾಸಿಗೊಮ್ಮೆ ಬಂದು ಅಪ್ಪನ ಮಗ್ಗಲಾಗ ಕುಂತು ಉಂಡ ಹೋಗು. ಮಂದಿಗೊಂದು ಕಟ್ಟಳಿ, ನಿನಗೊಂದು ಕಟ್ಟಳಿ ಇಲ್ಲ." ಹುಟ್ಟಿದ ಮನೆಯಲ್ಲಿ ನಾನು ಗಿರಾಕಿಯಾದೆ, ವೈನಿ. ಆ ಕ್ಷಣವೇ ಎದ್ದು ಬಸ್ ಹಿಡಿದೆ. ಮುಂದಿನ ಅಮಾಸೆ ಬರುವುದರೊಳಗೆ ಅಪ್ಪ ಹೋದ. ಮಣ್ಣಿಗೆ ಬಂದವನು ಆ ಮನೆಯ ನೀರು ಕೂಡ ಕುಡಿಯದೆ ತಿರುಗಿದೆ.

ಅಂದಿನಿಂದ ಎಂಟು ವರ್ಷ ನಾನು ಆ ಮನೆಯಲ್ಲಿ ಉಂಡಿಲ್ಲ. ಈಗ ಅದೇ ಕಟ್ಟಳೆಗೆ ತಲೆಬಾಗಿ ಬರುವುದು ನನ್ನಿಂದಾಗದು. ಅಣ್ಣನಿಗೆ ನಮಸ್ಕಾರ ತಿಳಿಸಿರಿ.

ಸಿದ್ದಾರೂಢ

*

ಯಳವಿ
9 ಸೆಪ್ಟೆಂಬರ್ 2024

ಸಿದ್ದು,

ತಪ್ಪುಗಳಿಲ್ಲ ಎಂದು ಬರೆದೆಯಲ್ಲ, ಅದನ್ನು ನಿಮ್ಮಣ್ಣನಿಗೆ ಎರಡು ಸಲ ಓದಿ ಹೇಳಿದೆ. ಉಳಿದದ್ದನ್ನು ಓದಲಿಲ್ಲ. ನಿನ್ನ ಸಿಟ್ಟನ್ನು ತೂಗಲು ನಾನು ತಕ್ಕಡಿ ಹಿಡಿದು ಕೂತಿಲ್ಲ. ಇಲ್ಲಿ ಆದದ್ದನ್ನು ಕೇಳು.

ಬೆನಕನ ಅಮಾಸೆಗೆ ಒಂದು ಆಟ ಹೂಡಿದೆ. ನಿಮ್ಮಣ್ಣನಿಗೆ ಇಸ್ತ್ರಿ ಅಂಗಿ ತೊಡಿಸಿ, ಕೈಗೊಂದು ಚೀಲ ಕೊಟ್ಟು ಹಿತ್ತಲಿನಿಂದ ಹೊರಗೆ ದಬ್ಬಿ, ಮುಂಬಾಗಿಲಿನಿಂದ ಬರಹೇಳಿದೆ. ಅವರೂ ಪಾಪ, ಬೀಗರ ಹಾಗೆ ಕೆಮ್ಮಿ, ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು ಬಂದು ಅತ್ತೆಯ ಪಕ್ಕ ಕೂತರು. ಅತ್ತೆ ತಲೆ ಎತ್ತಿ ನೋಡಲೂ ಇಲ್ಲ. "ರವ್ಯಾ, ಏಳು. ನೀ ದಿನಾ ಇಲ್ಲೇ ಉಣ್ಣಾಂವ. ಎಮ್ಮಿಗೆ ನೀರ ಕುಡಿಸಿದೇನು?" ಎಂದರು. ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಅರವತ್ತು ದಾಟಿದ ಗಂಡಸು ಚೀಲ ಹಿಡಿದುಕೊಂಡೇ ಕೊಟ್ಟಿಗೆಗೆ ಹೋದರು.

ಆಮೇಲೆ ಬಾಳಾಬಾಯಿಯ ಮಗ ಹರಿಬಾನನ್ನು ಕೇಳಿಕೊಂಡೆ. ಅವನು ತನ್ನ ತಾಯಿಯ ಹತ್ತಿರ ಉಂಡು, ಇತ್ತ ಸರಿದು ಅತ್ತೆಯ ಬಳಿಯೂ ಒಂದು ತುತ್ತು ಬಾಯಿಗಿಟ್ಟ. "ಎಪ್ಪಾ, ನೀ ಬಾಳಾಬಾಯಿ ಕಡೆಯವ. ಆಕಿ ಮನಷ್ಯಾನ್ನ ನಾ ಕಸಗೊಳ್ಳಲೇನು?" ಎಂದು ಅವನ ತಟ್ಟೆಯನ್ನು ಅತ್ತ ಸರಿಸಿದರು. ತಾನು ಯಾರೆಂಬುದು ಮರೆತುಹೋದರೂ ಯಾರು ಯಾರ ಕಡೆಯವರೆಂಬುದು ಅವರಿಗೆ ಒಂದಿಷ್ಟೂ ಮರೆತಿಲ್ಲ. ಅವರ ತಟ್ಟೆ ಬಡಿಸಿದ ಹಾಗೇ ಉಳಿಯಿತು.

ಸೃಷ್ಟಿಗೆ ಇದನ್ನೆಲ್ಲ ನೋಡಿ ತಲೆ ಕೆಟ್ಟಿತು. "ಅವ್ವಾ, ಆ ಕಟ್ಟಳಿ ತಗದ ಒಗಿ. ಮತ್ತೆಲ್ಲೂ ಹಿಂಗಿಲ್ಲ. ನಾಳೆಯಿಂದ ಬೋರ್ಡ ಬದಲಿ ಮಾಡತೀನಿ" ಎಂದಳು. ಆಗ ಅವಳನ್ನು ಕೂರಿಸಿಕೊಂಡು, ನಿಮ್ಮಪ್ಪ ನನಗೆ ಹೇಳಿದ ಕಥೆಯನ್ನು ಹೇಳಿದೆ. ನೀನೂ ಓದು, ಮಾಸ್ತರನಿಗೂ ಒಂದು ಪಾಠ ಆಗಲಿ.

ನಿಮ್ಮಣ್ಣ ಆಗ ಎದೆಹಾಲು ಕುಡಿಯುವ ಕೂಸು. ಮಾಡಗ್ಯಾಳದ ಕುರುಬರು ದೀಪಾವಳಿ ಮುಗಿಸಿ, ಕುರಿ ಹೊಡೆದುಕೊಂಡು ನದಿ ಸೀಮೆಗೆ ಹೋಗುವಾಗ ನಮ್ಮ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ತರುಬುತ್ತಿದ್ದರು. ಹೊಲಕ್ಕೆ ಗೊಬ್ಬರ, ಅವರಿಗೆ ಜೋಳ. ಆ ವರ್ಷ ಅವರ ಜೊತೆಯಲ್ಲಿದ್ದ ಹಣಮವ್ವನ ಕಾಲು ಬಾತು ಹೆಜ್ಜೆ ಎತ್ತಲು ಬರುತ್ತಿರಲಿಲ್ಲ. ಮಗ ಸಾತಪ್ಪ ಅವಳನ್ನು ಹೊತ್ತುಕೊಂಡು ಹೊರಟಿದ್ದ. ಬುತ್ತಿ ತಂದಿದ್ದ ಅತ್ತೆ ನೋಡಿ, "ಎಷ್ಟ ದೂರ ಹೊರ್ತೀಯೋ? ಇಲ್ಲೇ ಬಿಡು. ಮಳಿ ಬಿದ್ದ ಮ್ಯಾಲ ಬಂದು ಕರಕೊಂಡ ಹೋಗು" ಎಂದರಂತೆ. ಲಿಂಗಾಯತರ ಮನೆಯಲ್ಲಿ ಕುರುಬರ ಮುದುಕಿ ಮಲಗಿದಳೆಂದು ಓಣಿಯಲ್ಲಿ ಮಾತಾಯಿತು. ನಿಮ್ಮಪ್ಪ ಮುರಗೆಪ್ಪನವರು ಓಣಿಯ ಹಿರಿಯರಿಗೆ, "ನನಗ ಹೇಳಬ್ಯಾಡ್ರಿ, ಅಂಜಿಕಿ ಇಲ್ಲಂದ್ರ ಆಕಿಗೇ ಹೇಳ್ರಿ" ಎಂದು ಒಳಗೆ ಕೈ ತೋರಿಸಿದರಂತೆ. ಯಾರೂ ಒಳಗೆ ಹೋಗಲಿಲ್ಲ.

ಕಾಲಿನ ಬಾವು ಇಳಿಯಿತು, ಆದರೆ ಹಣಮವ್ವ ಊಟ ಬಿಟ್ಟಳು. ದಿನವಿಡೀ ದಾರಿಯ ಕಡೆ ಮುಖ. ಅತ್ತೆ ಸಂತೆಗೆ ಹೋಗುವವರ ಬಾಯಿಯಲ್ಲಿ ಕುರಿ ಹಿಂಡಿನ ತನಕ ಮಾತು ಮುಟ್ಟಿಸಿದರು: "ನಿಮ್ಮವ್ವನ್ನ ಇಟ್ಟಕೋತೀನಿ. ಖರೆ ನೀವು ಮರೀಲಿ ಅಂತ ಇಟ್ಟಕೊಳ್ಳಂಗಿಲ್ಲ. ಅಮಾಸಿಗೊಮ್ಮೆ ಬಂದು ಮಗ್ಗಲಾಗ ಕುಂತು ಉಣ್ರಿ." ಸಾತಪ್ಪ ನಡೆದುಕೊಂಡು ಬಂದ. ಅವನು ಕೂತ, ಹಣಮವ್ವ ಉಂಡಳು. ಮರುವರ್ಷ ಇನ್ನೂ ಮೂವರನ್ನು ತಂದು ಬಿಟ್ಟರು. ಇಟ್ಟುಕೊಂಡದ್ದಕ್ಕೆ ಕಂಬಳಿ ಕೊಟ್ಟರು, ಹೊಲದಲ್ಲಿ ಪುಕ್ಕಟೆ ಕುರಿ ತರುಬಿದರು.

ಕುರುಬರ ನಂತರ ಕಬ್ಬು ಕಡಿಯಲು ಹೋಗುವವರ ಮುದುಕರು ಬಂದರು. ಈಗ ಸಾಂಗಲಿಯ ನೌಕರಸ್ಥರೂ ಬರುತ್ತಾರೆ. ಕಾರಿನಿಂದ ಇಳಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಲು ಅವರು ಪಡುವ ಪಾಡು ನೋಡಿದರೆ ನಿನಗೂ ನಗು ಬಂದೀತು.

ಕಥೆ ಕೇಳಿ ಸೃಷ್ಟಿ ಬೋರ್ಡಿನ ಮಾತೆತ್ತಲಿಲ್ಲ. ಮಾನೌಮಿ ಅಮಾಸೆ ಅಕ್ಟೋಬರ್ ಎರಡಕ್ಕೆ.

ನಿನ್ನ ವೈನಿ,
ನಂದಾ

*

ಸೊಲ್ಲಾಪುರ
25 ಸೆಪ್ಟೆಂಬರ್ 2024

ವೈನಿಯವರಿಗೆ ನಮಸ್ಕಾರ.

ಅಣ್ಣ ಚೀಲ ಹಿಡಿದು ಬಂದದ್ದನ್ನು ಓದಿ ಸ್ಟಾಫ್ ರೂಮಿನಲ್ಲಿ ಒಬ್ಬನೇ ನಕ್ಕೆ.

ಹಣಮವ್ವನನ್ನು ನಾನು ಕಂಡಿಲ್ಲ, ಆದರೆ ಅವಳ ನಂತರದವರೆಲ್ಲ ನೆನಪಿದ್ದಾರೆ. ಶಾಲೆ ಬಿಟ್ಟು ಬಂದೊಡನೆ ಪಾಟಿಚೀಲ ಇಡಲೂ ಬಿಡದೆ ಮುದುಕಿಯರು ನನ್ನನ್ನು ಸುತ್ತುವರಿಯುತ್ತಿದ್ದರು. ಕೌದಿ ಹೊಲಿಯುವ ಸೂಜಿಗಳಿಗೆಲ್ಲ ದಾರ ಪೋಣಿಸಿಕೊಡುವುದು ನನ್ನ ಕೆಲಸ. ಒಬ್ಬೊಬ್ಬಳೂ ನಾಲ್ಕಾರು ಸೂಜಿ ಚುಚ್ಚಿಟ್ಟುಕೊಂಡು ನನ್ನ ದಾರಿ ಕಾಯುತ್ತಿದ್ದಳು. ಕಂಬಳಿಯ ವಾಸನೆ, ಸುಣ್ಣ ತಂಬಾಕಿನ ವಾಸನೆ, ನೀವು ಆಗಷ್ಟೇ ಮದುವೆಯಾಗಿ ಬಂದು ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಾ ಬಡಿಯುತ್ತಿದ್ದ ರೊಟ್ಟಿಯ ಸದ್ದು. ಅದು ಹೊಗೆಯೋ ಅಳುವೋ ಎಂದು ನಾನು ಆಗ ಕೇಳಲಿಲ್ಲ. ಅಷ್ಟು ಅಜ್ಜ ಅಜ್ಜಿಯರ ನಡುವೆ ಬೆಳೆದ ಹುಡುಗ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಅದು ಸುಖವೇ ಆಗಿತ್ತು, ಇಲ್ಲ ಎನ್ನುವುದಿಲ್ಲ.

ಆದರೆ ಒಂದು ಮಾತು. ನನಗೆ ಜ್ವರ ಬಂದರೆ ಅವ್ವ ಹಣೆ ಮುಟ್ಟಿ ನೋಡಿ ಮುಂದಿನವರ ಕಡೆ ಹೋಗುತ್ತಿದ್ದಳು. ಅವರ ಹಣೆಯನ್ನೂ ಹಾಗೇ ಮುಟ್ಟುತ್ತಿದ್ದಳು. ನನ್ನ ಹಣೆಯ ಮೇಲೆ ಆ ಕೈ ಒಂದಿಷ್ಟು ಹೆಚ್ಚು ಹೊತ್ತು ನಿಲ್ಲಲಿ ಎಂದು ಕಾಯುತ್ತಿದ್ದೆ. ಅಪ್ಪನನ್ನು ಸಾಲಿನಲ್ಲಿ ಮಲಗಿಸಿದ ದಿನ ಆ ಹುಡುಗನಿಗೆ ಸಿಟ್ಟು ಬಂತು ಎಂದುಕೊಳ್ಳಿರಿ.

ಮಾನೌಮಿಗೆ ಬರಲಾಗದು. ಶಾಲೆಯಲ್ಲಿ ಪರೀಕ್ಷೆ ಇದೆ.

ಸಿದ್ದಾರೂಢ

*

ಯಳವಿ
8 ಅಕ್ಟೋಬರ್ 2024

ಸಿದ್ದು,

ಅದು ಅಳುವೇ. ಈಗ ಕೇಳಿದೆಯಲ್ಲ, ಅಷ್ಟು ಸಾಕು.

ಅಕ್ಟೋಬರ್ ಎರಡು ಗಾಂಧಿ ಜಯಂತಿ. ಅಂದು ಯಾವ ಶಾಲೆಯಲ್ಲಿ ಪರೀಕ್ಷೆ ಇತ್ತೋ ನನಗೆ ಗೊತ್ತಿಲ್ಲ.

ಅಂದಿಗೆ ಮೂರು ಅಮಾಸೆ ತಪ್ಪಿದವು. ಮರುದಿನ ನಾನು ಕಸ ಗುಡಿಸಲು ಬಾಗಿಲು ತೆರೆದರೆ ಅತ್ತೆ ಕಟ್ಟೆಯ ಮೇಲೆ ಕೂತಿದ್ದಾರೆ. ಕಂಬಳಿ ಸುತ್ತಿ, ಎರಡು ಸೀರೆ ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಿದ್ದಾರೆ. "ಮೂರು ಅಮಾಸಿ ಆದೂವು. ಕಟ್ಟಳಿ ಅಂದ್ರ ಕಟ್ಟಳಿ. ನನ್ನ ಮನಿಗೆ ಮುಟ್ಟಿಸಿ ಬರ್ರಿ" ಎಂದರು. "ಯಾವ ಮನಿರಿ ಅತ್ತಿ?" ಎಂದೆ. "ಸೊರಡಿ" ಎಂದರು.

ಸೊರಡಿ ಅವರ ತವರು. ಅಲ್ಲಿ ಅವರವರು ಯಾರೂ ಉಳಿದಿಲ್ಲ. ಎಷ್ಟು ಹೇಳಿದರೂ ಕೇಳದೆ ಬಿಸಿಲೇರುವ ತನಕ ಹಾಗೇ ಕೂತರು. ಕೊನೆಗೆ ನಿಮ್ಮಣ್ಣ ಟೆಂಪೊ ತೆಗೆದರು. ನಾನೂ ಹತ್ತಿದೆ. ಹಿಂದೆ ಅತ್ತೆಯೇ ಎಷ್ಟೋ ಮುದುಕರನ್ನು ಚಕ್ಕಡಿಯಲ್ಲಿ ಕೂರಿಸಿ ಹೀಗೆ ಅವರ ಬಾಗಿಲಿಗೆ ಮುಟ್ಟಿಸಿದ್ದರು. ಅವರು ಬೈದದ್ದಕ್ಕೆ ಹೆದರಿ ಮಕ್ಕಳು ಮುಂದಿನ ಅಮಾಸೆಗೆ ಓಡಿ ಬರುತ್ತಿದ್ದರು.

ತವರುಮನೆ ಇದ್ದ ಜಾಗದಲ್ಲಿ ಈಗ ಯಾರದೋ ಸ್ಲ್ಯಾಬಿನ ಮನೆ. ಅತ್ತೆ ಕೆಳಗಿಳಿಯಲಿಲ್ಲ. ಟೆಂಪೊದಲ್ಲೇ ಕೂತು ಆ ಬಾಗಿಲನ್ನು ಬಹಳ ಹೊತ್ತು ನೋಡಿದರು. ಆ ಮನೆಯ ಹೆಣ್ಣುಮಗಳು ಹೊರಬಂದು, "ಯಾರ್ ಬೇಕ್ರಿ ಅಜ್ಜಿ?" ಎಂದಳು. ಅತ್ತೆ ನನ್ನ ಕಡೆ ತಿರುಗಿ, "ತಂದಿಟ್ಟವರೂ ಇಲ್ಲ, ಒಯ್ದು ಬಿಟ್ಟರ ಕರಕೊಳ್ಳಾವರೂ ಇಲ್ಲ. ಇಂಥವರನ್ನ ಏನ ಮಾಡಬೇಕು ಅಂತ ನಾ ಎಂದೂ ವಿಚಾರನ ಮಾಡಿರಲಿಲ್ಲಲ್ಲ ನಂದಾ" ಎಂದರು. ನನ್ನ ಹೆಸರು ಹಿಡಿದು ಕರೆದರು, ಸಿದ್ದು. ಆ ಗಳಿಗೆಯಲ್ಲಿ ಅವರಿಗೆ ಎಲ್ಲ ತಿಳಿದಿತ್ತು. ಊರು ಬರುವ ಹೊತ್ತಿಗೆ ಮತ್ತೆ ಮರೆತಿದ್ದರು. ನಾನು ದಾರಿಯುದ್ದಕ್ಕೂ ಅಳುತ್ತಲೇ ಬಂದೆ.

ನಂದಾ

*

ಯಳವಿ
14 ನವೆಂಬರ್ 2024

ಸಿದ್ದು,

ನಿನ್ನ ಕಾಗದವಿಲ್ಲ. ದೀಪಾವಳಿಗೂ ಬರಲಿಲ್ಲ.

ಮೊದಲು ಅತ್ತೆ ಅಮಾಸೆಯ ದಿನ ಮಾತ್ರ ತಟ್ಟೆ ಮುಟ್ಟುತ್ತಿರಲಿಲ್ಲ. ಈಗ ಉಳಿದ ದಿನವೂ ಅಷ್ಟಕ್ಕಷ್ಟೆ. "ಯಾರೂ ಬರದಾಕಿ ನಾನು, ಮಂದಿ ಕೂಳು ಎಷ್ಟಂತ ಉಣ್ಣಲಿ?" ಎನ್ನುತ್ತಾರೆ. ತನ್ನ ಮನೆಯಲ್ಲಿ, ತಾನು ಹಾಕಿದ ಒಲೆಯ ಮುಂದೆ ಕೂತು ಹೀಗೆನ್ನುತ್ತಾರೆ. ಸೃಷ್ಟಿ ಜತ್ತದಿಂದ ಡಾಕ್ಟರನ್ನು ಕರೆಸಿ ಸಲಾಯಿನ್ ಹಚ್ಚಿಸಿದಳು. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ, ಉಣ್ಣಿಸಿರಿ ಎಂದು ಹೇಳಿ ಹೋದರು. ಅದು ನಮಗೂ ಗೊತ್ತಿತ್ತು. ಕುಪ್ಪಸದ ತೋಳುಗಳು ಜೋಲುತ್ತಿವೆ.

ನೀನು ಸೊಲ್ಲಾಪುರಕ್ಕೆ ಕರೆತನ್ನಿ ಎಂದಿದ್ದೆಯಲ್ಲ. ಕೇಳಿ ನೋಡಿದೆ. "ನನ್ನ ಗುರ್ತ ಇಲ್ಲದವರ ಮನಿಗೆ ಯಾಕ ಕಳಸ್ತೀರಿ?" ಎಂದರು. ಇದಕ್ಕೆ ನಾನೇನು ಹೇಳಲಿ, ನೀನೇ ಹೇಳು.

ನಂದಾ

*

ಯಳವಿ
18 ಡಿಸೆಂಬರ್ 2024

ಸಿದ್ದು,

ಕಾರ್ಡಿನಲ್ಲಿ ಹೆಚ್ಚು ಜಾಗವಿಲ್ಲ. ಎಳ್ಳ ಅಮಾಸೆ ಮೂವತ್ತಕ್ಕೆ, ಸೋಮವಾರ. ಪ್ರತಿ ವರ್ಷದ ಹಾಗೆ ಹಿರಿಯರನ್ನೆಲ್ಲ ಟೆಂಪೊದಲ್ಲಿ ಹೊಲಕ್ಕೆ ಒಯ್ಯುತ್ತೇವೆ. ಊಟ ಬೇವಿನ ಮರದ ಕೆಳಗೆ. ಆ ಮನೆಯಲ್ಲಿ ಉಣ್ಣುವುದಿಲ್ಲ ಎಂದು ತಾನೇ ನಿನ್ನ ಹಟ? ಹೊಲಕ್ಕೆ ಬಾಗಿಲೂ ಇಲ್ಲ, ಬೋರ್ಡೂ ಇಲ್ಲ.

ಈ ಸಲ ನಾನು ಬಾ ಎನ್ನುತ್ತಿದ್ದೇನೆ.

ವೈನಿ

*

ಸೊಲ್ಲಾಪುರ
3 ಜನವರಿ 2025

ವೈನಿ,

ಅಂದು ಹೊಲದಲ್ಲಿ ನಿಮ್ಮ ಹತ್ತಿರ ಏನೂ ಮಾತಾಡದೆ ಬಸ್ ಹತ್ತಿದೆ. ಬಾಯಿ ತೆರೆದರೆ ಎಲ್ಲರೆದುರು ಅತ್ತುಬಿಡುತ್ತೇನೆಂಬ ಭಯ ಇತ್ತು. ನಾನು ಬಂದಾಗ ನೀವೂ ಅಣ್ಣನೂ ಬೆಳೆಗೆ ಎಡೆಯ ಚರಗ ಚೆಲ್ಲಲು ಆಚೆ ಬದುವಿಗೆ ಹೋಗಿದ್ದಿರಿ, ಸೃಷ್ಟಿ ಬುತ್ತಿ ಬಿಚ್ಚುತ್ತಿದ್ದಳು. ಅವ್ವ ಏನೇನು ಹೇಳಿದಳೆಂಬುದನ್ನು ಕೇಳಿದವನು ನಾನೊಬ್ಬನೇ. ನಿಮಗೆ ಅದನ್ನು ತಿಳಿಸಬೇಕು.

ಅವಳು ಇಷ್ಟು ಸಣ್ಣಗಾಗಿದ್ದಾಳೆಂದು ನಾನು ಎಣಿಸಿರಲಿಲ್ಲ. ಸಾಲಿನ ಕೊನೆಯಲ್ಲಿ ಕಂಬಳಿಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಯಾರ ಕಡೆಯವರ್ರಿ ನೀವು?" ಎಂದಳು.

"ಇಂದ್ರಾಬಾಯಿ ಕಡೆಯವ" ಎಂದೆ.

"ಭಾಳ ತಡಾ ಮಾಡಿದ್ರಿ. ಕುಂದ್ರಿ" ಎಂದು ಪಕ್ಕದಲ್ಲಿ ಜಾಗ ತೋರಿಸಿದಳು. ಕೂತೆ. ನಿಮಗೆ ಗೊತ್ತಲ್ಲ, ಬಂದವರಿಗೆ ಅವರವರ ಹಿರಿಯರ ವರದಿ ಒಪ್ಪಿಸುತ್ತಿದ್ದಳು, ಅದೇ ದನಿಯಲ್ಲಿ ಶುರುಮಾಡಿದಳು.

"ಆಕಿ ಚಲೋ ಅದಾಳ, ಕಾಳಜಿ ಮಾಡಬ್ಯಾಡ್ರಿ. ಮೊಣಕಾಲು ನೋಯ್ತಾವ, ಅದು ವಯಸ್ಸಿಂದು. ಇತ್ತಿತ್ತಲಾಗ ಉಣ್ಣಂಗಿಲ್ಲ. ಹಟಾ ಭಾಳ. ಸಣ್ಣ ಮಗಾ ಸಿಟ್ಟಮಾಡಿ ಹೋಗ್ಯಾನ, ಅದನ್ನ ಮನಸಿಗೆ ಹಚ್ಚಕೊಂಡಾಳ."

"ಯಾಕ ಸಿಟ್ಟಂತ್ರಿ?" ಎಂದೆ.

"ಅಮಾಸಿಗೆ ಬಂದು ಅಪ್ಪನ ಮಗ್ಗಲಾಗ ಉಣ್ಣು ಅಂತ ಅಂದ್ಲಂತ. ಮಂದ್ಯಾಗ ಅಂದ್ಲಂತ, ಅವನಿಗೆ ಅದು ಚುಚ್ಚೇತಿ. ಹೌದ್ರಿ, ಆಕೀದೂ ಬಾಯಿ ಸುಮಾರಿಲ್ಲ. ಖರೆ ನೀವ ಹೇಳ್ರಿ, ಆಕಿ ಎಂದಾದ್ರೂ ಯಾರಿಗರೆ ಬಾ ಅಂತ ಮೆತ್ತಗ ಕರದಾಳೇನು? ಕಟ್ಟಳಿ ಹಾಕಿ ಕರ್ಯೂದೊಂದ ಗೊತ್ತು ಆಕಿಗೆ. ಮಗಾ ತಿಂಗಳಿಗೊಮ್ಮೆ ಕಣ್ಣಿಗೆ ಬೀಳಲಿ ಅಂತ ಆಶಾ ಇತ್ತು. ಅದನ್ನ ಹ್ಯಾಂಗ ಹೇಳಬೇಕು, ಕಲತಿರಲಿಲ್ಲ."

ವೈನಿ, ಅಷ್ಟರಲ್ಲಿ ಸೃಷ್ಟಿ ಸಜ್ಜೆ ರೊಟ್ಟಿ, ಎಣ್ಣಗಾಯಿ, ಕಡುಬು ತಂದು ಇಬ್ಬರಿಗೂ ಬಡಿಸಿದಳು. ನನ್ನ ಗುರುತು ಹಿಡಿದರೂ ಆ ಹುಡುಗಿ ಕಾಕಾ ಎಂದು ಕೂಗಲಿಲ್ಲ. ಅವಳ ಜಾಣತನಕ್ಕೆ ನಾನು ಋಣಿ.

ನಾನು ರೊಟ್ಟಿ ಮುರಿದಾಗ ಅವ್ವ ಬಂದವರನ್ನೆಲ್ಲ ಕೇಳುವ ಕೊನೆಯ ಮಾತನ್ನು ಕೇಳಿದಳು: "ಆತು, ಈಗ ಏನ ಮಾಡತೀರಿ? ಕರಕೊಂಡ ಹೊಂಟೀರೋ, ಇಲ್ಲೇ ಇಡತೀರೋ?"

ಕರೆದುಕೊಂಡು ಹೋಗುತ್ತೇನೆ ಎಂಬ ಮಾತು ನಾಲಿಗೆಯ ತನಕ ಬಂದಿತ್ತು. ಅಪ್ಪನ ವಿಷಯದಲ್ಲಿ ಆಡಿದ್ದು ಅದೇ ಮಾತು. ಆದರೆ ಈ ಸಲ ಸಾಲಿನಲ್ಲಿ ಕೂತವರನ್ನು ನೋಡಿದೆ. ಬಾಳಾಬಾಯಿ ಅವ್ವನ ಕಡುಬಿನ ಮೇಲೆ ತುಪ್ಪ ಬಿದ್ದಿತೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದಳು. ನನ್ನ ಸೊಲ್ಲಾಪುರದ ಮನೆಯಲ್ಲಿ ಹಾಗೆ ಬಗ್ಗಿ ನೋಡುವವರು ಯಾರೂ ಇಲ್ಲ.

"ಇಲ್ಲೇ ಇರಲಿ, ಅವ್ವಾ" ಎಂದೆ. ಅವ್ವಾ ಎಂಬುದು ಬಾಯಿತಪ್ಪಿ ಬಂತು. ಅವಳು ಗುರುತು ಹಿಡಿದಳೇನೋ ಎಂದು ಮುಖ ನೋಡಿದೆ. ಅವಳು ನಕ್ಕಳು.

"ಇಲ್ಲಿ ಬಂದವರೆಲ್ಲಾ ನನಗ ಅವ್ವಾ ಅಂತನ ಅಂತಾರ" ಎಂದಳು.

ಆಮೇಲೆ ತನ್ನ ತಟ್ಟೆಗೆ ಕೈ ಹಾಕಿದಳು. ನಾನು ಉಂಡೆ, ಅವಳೂ ಉಂಡಳು. ನೀವು ಬದುವಿನಿಂದ ಬರುವ ಹೊತ್ತಿಗೆ ಅವಳ ತಟ್ಟೆ ಖಾಲಿಯಾಗಿತ್ತು.

ಮುಂದಿನ ಅಮಾಸೆ ಜನವರಿ ಇಪ್ಪತ್ತೊಂಬತ್ತಕ್ಕೆ, ಬುಧವಾರ. ರಜೆ ಬರೆದುಕೊಟ್ಟಿದ್ದೇನೆ. ನೇರವಾಗಿ ಮನೆಗೇ ಬರುತ್ತೇನೆ. ಅವಳು ಕೇಳಿದರೆ ಮಗ ಬರುತ್ತಾನೆಂದು ಹೇಳಿ ಗೊಂದಲ ಮಾಡಬೇಡಿರಿ. ಇಂದ್ರಾಬಾಯಿ ಕಡೆಯವರು ಬರುತ್ತಾರೆಂದಷ್ಟೇ ಹೇಳಿರಿ.

ನಿಮ್ಮ
ಸಿದ್ದು